ಖಾಲಿ ಬಿಡುವಂತಿಲ್ಲದ ಕಾಲಂ

ಶಾಸನಸಭೆಯ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ದಾಖಲೆ ಗುಮಾಸ್ತರಾಗಿದ್ದ ಅವರನ್ನು ಕಚೇರಿಯವರೆಲ್ಲ ತಾರೀಕಪ್ಪ ಎನ್ನುತ್ತಿದ್ದರು. ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಉಳಿದವರ ಬಾಯಲ್ಲಿ "ಅಯ್ಯೋ ಪಾಪ" ಬರುವ ಮೊದಲೇ ಇವರ ಬಾಯಲ್ಲಿ "ಎಷ್ಟನೇ ತಾರೀಕು?" ಬಂದಿರುತ್ತಿತ್ತು. ನಿವೃತ್ತಿಯಾದರೂ ಚಾಳಿ ಬಿಡಲಿಲ್ಲ. ಹಳೆಯ ಶಾಸಕರ ಬದುಕಿನ ವಿವರಗಳನ್ನು ಒಂದೆಡೆ ಕೂಡಿಡುವ ಅಂತರಜಾಲ ಕೋಶವೊಂದು ಶುರುವಾದಾಗ, ಸಂಬಳವಿಲ್ಲದೆ ಮಾಹಿತಿ ತುಂಬಿಕೊಡುವವರ ಸಾಲಿನಲ್ಲಿ ಇವರೇ ಮೊದಲು ನಿಂತರು. ಹುಟ್ಟಿದ ದಿನ, ಓದು, ಕಸುಬು, ಗೆದ್ದ ಕ್ಷೇತ್ರ, ಸತ್ತ ದಿನ. ಆರು ವರ್ಷಗಳಲ್ಲಿ ನಾನೂರ ಹನ್ನೆರಡು ಮಂದಿ. ಮನೆಯ ಊಟದ ಮೇಜಿನ ಅರ್ಧ ಇವರ ಕಂಪ್ಯೂಟರಿಗೆ, ಇನ್ನರ್ಧ ಹೆಂಡತಿಯ ಹೊಲಿಗೆ ಯಂತ್ರಕ್ಕೆ ಹೋಗಿತ್ತು. ಇಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

"ನಮ್ಮ ಮದುವೆ ಯಾವತ್ತು, ಹೇಳಿ ನೋಡೋಣ" ಎಂದು ಹೆಂಡತಿ ಒಮ್ಮೆ ಕೆಣಕಿದ್ದರು.

"ಹದಿನಾರು, ಶನಿವಾರ. ಸಾರಿಗೆ ಮಂತ್ರಿ ರಾಜೀನಾಮೆ ಕೊಟ್ಟಿದ್ದೂ ಅವತ್ತೇ."

"ಪುಣ್ಯಾತ್ಮ. ನಾನು ಯಾವ ಬಣ್ಣ ಉಟ್ಟಿದ್ದೆ?"

ತಾರೀಕಪ್ಪ ಕಂಪ್ಯೂಟರಿನ ಕಡೆ ತಿರುಗಿದರು.

ನಾನೂರ ಹನ್ನೆರಡರಲ್ಲಿ ಇನ್ನೂ ಬದುಕಿದ್ದವರು ಹತ್ತೊಂಬತ್ತು. ಅವರಲ್ಲೊಬ್ಬರು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಕರೆಗಂಟೆ ಒತ್ತಿದರು. ಕೋಶದ ಕಚೇರಿಗೆ ಫೋನ್ ಮಾಡಿ ವಿಳಾಸ ಪಡೆದು, ಎರಡು ಬಸ್ಸು ಬದಲಿಸಿ ಬಂದಿದ್ದರು. ವಯಸ್ಸು ಎಪ್ಪತ್ತೊಂಬತ್ತು ಎಂಬುದು ತಾರೀಕಪ್ಪನವರಿಗೆ ಕೇಳದೆಯೇ ಗೊತ್ತಿತ್ತು. ಗಿರಣಿಗಳಿದ್ದ ಊರೊಂದರ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಮೂವತ್ತಮೂರನೇ ವಯಸ್ಸಿನಲ್ಲಿ ಚುನಾವಣೆ ಗೆದ್ದವರು. ಊರಿನ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅವರದು, ಮಕ್ಕಳ ಅಮ್ಮಂದಿರೆಲ್ಲ ಓಟು ಹಾಕಿದ್ದರು. ಊರಿಗೆಲ್ಲ ಅವರು ಈಗಲೂ ನರ್ಸಮ್ಮ.

ನರ್ಸಮ್ಮ ಕೂತರು, ನೀರು ಕುಡಿದರು, ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಹೊಲಿಗೆ ಯಂತ್ರದ ಪಕ್ಕ ಇಟ್ಟರು. ಕೋಶದಲ್ಲಿದ್ದ ಅವರದೇ ಪುಟ ಅದು. 'ಪಕ್ಷ ತೊರೆದ ಕಾರಣ' ಎಂಬ ಸಾಲಿನ ಮುಂದೆ 'ಪಕ್ಷಾಂತರ' ಎಂದಿತ್ತು.

"ಇದನ್ನ ಹಾಕಿದ್ದು ನೀವಂತೆ."

"ಹೌದಮ್ಮ."

"ನಾನು ಯಾವ ಪಕ್ಷಕ್ಕೂ ಹೋಗಿಲ್ಲಪ್ಪ. ಮನೆಗೆ ಹೋದೆ, ಅಷ್ಟೆ."

ತಾರೀಕಪ್ಪನವರಿಗೆ ಆ ದಿನ ನೆನಪಿತ್ತು. ಊಟಕ್ಕೆ ಮೊದಲು ಹನ್ನೊಂದು ಮಂದಿಯನ್ನು ಮುಗಿಸಿದ್ದ ದಿನ. ಆ ಕಾಲಮಿಗೆ ನಾಲ್ಕೇ ಆಯ್ಕೆಗಳಿದ್ದವು: ರಾಜೀನಾಮೆ, ಪಕ್ಷಾಂತರ, ಪಕ್ಷದ ವಿಲೀನ, ನಿಧನ. ನರ್ಸಮ್ಮನನ್ನು ಪಕ್ಷ ಉಚ್ಚಾಟಿಸಿತ್ತು, ಪಟ್ಟಿಯಲ್ಲಿ ಉಚ್ಚಾಟನೆ ಇರಲಿಲ್ಲ. ಖಾಲಿ ಬಿಟ್ಟರೆ ಕೆಂಪು ನಕ್ಷತ್ರವೊಂದು ಮೂಡಿ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ವಿಶ್ವಾಸಮತದ ದಿನ ಅವರು ಸಭೆಗೆ ಬಂದಿರಲಿಲ್ಲ, ಸರ್ಕಾರ ಎರಡು ಮತಗಳಿಂದ ಬಿದ್ದಿತ್ತು, ಎದುರು ಪಾಳೆಯ ಸೇರಿದ್ದಾರೆಂದು ಪಕ್ಷದ ವಕ್ತಾರ ದೂರಿದ್ದು ಅಂದಿನ ಪತ್ರಿಕೆಯಲ್ಲಿತ್ತು. ಇದ್ದುದರಲ್ಲಿ ಹತ್ತಿರದ್ದೆಂದು ಎರಡನೆಯದನ್ನು ಒತ್ತಿ ಮುಂದಿನವರ ಕಡೆಗೆ ಹೋಗಿದ್ದರು.

"ಅವತ್ತು ಯಾಕೆ ಹೋಗ್ಲಿಲ್ಲಮ್ಮ ನೀವು?"

ನರ್ಸಮ್ಮ ತಾರೀಕಪ್ಪನವರ ಹೆಂಡತಿಯ ಕಡೆ ನೋಡಿದರು. ಅವರು ಹೊಲಿಗೆ ನಿಲ್ಲಿಸಿದ್ದರು.

"ನಮ್ಮೆಜಮಾನ್ರು ಆ ಕಡೆಯವರಿಗೆ ಮಾತು ಕೊಟ್ಟುಬಿಟ್ಟಿದ್ರು. ನಂಗೊಂದು ಮಾತು ಹೇಳಿರ್ಲಿಲ್ಲ. ಬೆಳಿಗ್ಗೆ ಏಳಕ್ಕೆ ಸ್ನಾನಕ್ಕೆ ಹೋದೆ, ಹೊರಗಿಂದ ಚಿಲಕ ಹಾಕಿದ್ರು. ತೆಗೆದಿದ್ದು ಸಂಜೆ ನಾಲ್ಕಕ್ಕೆ. ಮತ ಹಾಕೋದು ಹನ್ನೊಂದಕ್ಕಿತ್ತು."

"ಯಾರಿಗೂ ಹೇಳ್ಲಿಲ್ವಾ?" ಎಂದರು ಹೆಂಡತಿ.

"ಏನಂತ ಹೇಳ್ಲಿ ತಾಯಿ? ಊರಿಗೆಲ್ಲ ಧೈರ್ಯ ಹೇಳೋಳನ್ನ ಗಂಡ ಬಚ್ಚಲಲ್ಲಿ ಕೂಡಿಹಾಕಿದ್ದ ಅಂತಲಾ? ಮಾರ್ಕೊಂಡ್ಳು ಅಂತ ಅಂದ್ಕೊಳ್ಳಲಿ, ಅದೇ ವಾಸಿ ಅನ್ನಿಸ್ತು ಆಗ."

ನಲವತ್ತನಾಲ್ಕು ವರ್ಷ ಹಾಗೇ ಕಳೆದಿತ್ತು. ಗಂಡ ಸತ್ತು ಒಂಬತ್ತು ವರ್ಷ. ಜನ ಮರೆತಿದ್ದರು. ಈಗ ಕಾನೂನು ಓದುತ್ತಿರುವ ಮೊಮ್ಮಗಳು ಪಕ್ಷಾಂತರಗಳ ಬಗ್ಗೆ ಕಾಲೇಜಿಗೆ ಪ್ರಬಂಧ ಬರೆಯಲು ಕೂತು, ಕೋಶದ ಒಂದು ಕೋಷ್ಟಕದಲ್ಲಿ ಅಜ್ಜಿಯ ಹೆಸರು ಕಂಡಳು. ಫೋನನ್ನು ಅಜ್ಜಿಯ ಮುಖಕ್ಕೆ ಹಿಡಿದು, "ನೀನೂ ಈ ಪೈಕಿನಾ ಅಜ್ಜಿ?" ಎಂದು ಕೇಳಿದ್ದಳು. ಆವತ್ತಿನಿಂದ ಅವಳ ಮಾತು ಕಮ್ಮಿಯಾಗಿತ್ತು.

"ಅವಳಿಗೆ ಅಜ್ಜನ ವಿಷಯ ಗೊತ್ತಾಗೋದು ಬೇಡ" ಎಂದರು ನರ್ಸಮ್ಮ. "ಅಜ್ಜ ಅಂದ್ರೆ ಅವಳಿಗೆ ಪ್ರಾಣ. ಆ ಒಂದು ಮಾತು ತೆಗೆದುಹಾಕಿ, ಸಾಕು. ತಪ್ಪಾಗಿತ್ತು, ತೆಗೆದ್ರು ಅಂತ ನಾನು ಹೇಳ್ಕೋತೀನಿ. ಚಿಲಕದ ಮಾತು ಈ ಮನೆ ದಾಟಬಾರದು."

ತಾರೀಕಪ್ಪ ಆಗಲಿ ಎಂದರು. ಹಾಕಿದ್ದು ತಾನೇ, ತೆಗೆಯುವುದೇನು ಮಹಾ ಎಂದೇ ಅವರು ತಿಳಿದಿದ್ದರು. ನರ್ಸಮ್ಮನನ್ನು ಬಸ್ಸು ಹತ್ತಿಸಿ ಬಂದು, ಆ ಮಧ್ಯಾಹ್ನವೇ ಕೋಶದ ಪರಿಶೀಲಕಿಗೆ ಫೋನ್ ಮಾಡಿದರು. ಆಕೆ ಇವರ ಮಗಳ ವಯಸ್ಸಿನವಳು, ವಿನಯವಂತೆ.

"ಉಚ್ಚಾಟನೆ ಅಂತ ಬದಲಾಯಿಸಮ್ಮ."

"ಆ ಆಯ್ಕೆ ಇಲ್ಲ ಸರ್."

"ಹೋಗ್ಲಿ, ಖಾಲಿ ಬಿಡು."

"ಖಾಲಿ ಬಿಟ್ರೆ ಸೇವ್ ಆಗಲ್ಲ, ನಿಮಗೇ ಗೊತ್ತಲ್ಲ. ಏನೇ ಬದಲಾಯಿಸಬೇಕಾದ್ರೂ ಅಚ್ಚಾಗಿರೋ ಎರಡು ಆಧಾರ ಬೇಕು. ಆ ನಿಯಮ ಮಾಡಿ ಅಂತ ಹಟ ಹಿಡಿದಿದ್ದೇ ನೀವು."

ಹೌದು, ಅವರೇ. ಕಂಡಕಂಡವರು ಬಾಯಿಗೆ ಬಂದದ್ದನ್ನು ತುಂಬುತ್ತಾರೆಂದು ಮೂರು ಪುಟದ ಪತ್ರ ಬರೆದು ಆ ನಿಯಮ ಮಾಡಿಸಿದ್ದರು.

ಎರಡು ವಾರ ಹಳೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪತ್ರಿಕೆಗಳ ಕಟ್ಟು ಬಿಚ್ಚಿದರು. ಈಗಿನ ಗುಮಾಸ್ತ ಕುರ್ಚಿ ಹಾಕಿಕೊಟ್ಟು, "ರಿಟೈರ್ ಆಗಿದ್ದು ನೀವಾ, ನಾನಾ ಸಾರ್?" ಎಂದು ನಗೆಯಾಡಿದ. ಮೂರು ಪತ್ರಿಕೆಗಳಲ್ಲಿ ವಕ್ತಾರನ ಅದೇ ಹೇಳಿಕೆ. ನಾಲ್ಕನೆಯದರಲ್ಲಿ ಸುದ್ದಿಯೇ ಇಲ್ಲ. ಹಾಜರಿ ಪುಸ್ತಕದಲ್ಲಿ ನರ್ಸಮ್ಮನ ಸಹಿಯ ಜಾಗ ಬಿಳಿಯಾಗಿತ್ತು. ಬರಲಿಲ್ಲ ಎಂಬುದನ್ನು ಅದು ಹೇಳುತ್ತಿತ್ತು, ಯಾಕೆಂಬುದನ್ನು ಹೇಳುತ್ತಿರಲಿಲ್ಲ. ಯಾಕೆಂಬುದು ಗೊತ್ತಿದ್ದವರು ಜಗತ್ತಿನಲ್ಲಿ ಮೂವರೇ, ಮೂವರ ಬಾಯಿಗೂ ಬೀಗ.

ಕೊನೆಗೆ ಕೋಶಕ್ಕೆ ಕಾಗದ ಬರೆದರು: ಈ ನಮೂದು ನನ್ನ ಅವಸರದ ತಪ್ಪು, ಬೇರೆ ಆಧಾರ ನನ್ನಲ್ಲಿಲ್ಲ, ದಯವಿಟ್ಟು ಹಿಂಪಡೆಯಿರಿ. ಒಂಬತ್ತನೇ ದಿನ ಪರಿಶೀಲಕಿಯೇ ಫೋನ್ ಮಾಡಿದಳು.

"ನೀವು ಸುಮ್ನೆ ಕೊರಗ್ತಿದ್ರಿ ಸರ್. ನಿಮ್ಮ ಕಾಗದ ಬಂದ್ಮೇಲೆ ನಾನೇ ಕೂತು ಹುಡುಕ್ದೆ. ನಮೂದು ಸರಿಯಾಗೇ ಇದೆ. ಪಕ್ಷಾಂತರದ ಮೇಲೆ ಒಬ್ರು ಪ್ರೊಫೆಸರ್ ಪುಸ್ತಕ ಬರೆದಿದಾರೆ, ಅದ್ರಲ್ಲಿದೆ. ಪತ್ರಿಕೆಯೊಂದ್ರ ವಿಶೇಷ ಸಂಚಿಕೆಯಲ್ಲೂ ಇದೆ. ಎರಡೂ ಆಧಾರ ಸೇರಿಸಿದೀನಿ."

"ಆ ಪ್ರೊಫೆಸರ್ ಎಲ್ಲಿಂದ ತಗೊಂಡಿದಾರೆ, ನೋಡಿದ್ಯಾ?"

ಕಾಗದ ತಿರುವಿದ ಸದ್ದು ಕೇಳಿತು. "ನಮ್ಮ ಕೋಶದಿಂದ."

"ಪತ್ರಿಕೆಯವರು?"

"ಪ್ರೊಫೆಸರ್ ಪುಸ್ತಕದಿಂದ. ಆದ್ರೂ ಅಚ್ಚಾಗಿದೆಯಲ್ಲ ಸರ್. ಪುಟಕ್ಕೆ 'ದೃಢಪಟ್ಟಿದೆ' ಅಂತ ಮುದ್ರೆ ಬಿದ್ದಾಯ್ತು. ಇನ್ನು ಅದನ್ನ ನಾನೂ ತೆರೆಯೋಕಾಗಲ್ಲ."

ತಾರೀಕಪ್ಪ ಎರಡು ದಿನ ತಡೆದು ನರ್ಸಮ್ಮನ ಮನೆಗೆ ಫೋನ್ ಮಾಡಿದರು. ಎತ್ತಿದ್ದು ಎಳೆಯ ದನಿ.

"ಅಜ್ಜಿ ಮಲಗಿದಾರೆ. ಯಾರು ಮಾತಾಡೋದು?"

ಅವರು ಹೇಳಿದರು.

"ಓ, ಆ ಕೋಶದವರು. ಅಜ್ಜಿ ದಿನಾ ಅದನ್ನ ತೆಗೆದು ತೋರ್ಸು ಅಂತಾರೆ. ಈಗ ದೃಢಪಟ್ಟಿದೆ ಅಂತ ಬರ್ತಿದೆ."

"ಅದು ತಪ್ಪಮ್ಮ. ನಾನು ಮಾಡಿದ ತಪ್ಪು."

"ಹಾಗಾದ್ರೆ ನಿಜವಾಗಿ ಏನಾಗಿತ್ತು ಅವತ್ತು?"

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ತಲೆಯೆತ್ತಿ ಗಂಡನನ್ನೇ ನೋಡಿದರು.

"ಅದು ನನಗೆ ಗೊತ್ತಿಲ್ಲಮ್ಮ" ಎಂದರು ತಾರೀಕಪ್ಪ.

"ಗೊತ್ತಿಲ್ಲ ಅಂದ್ಮೇಲೆ ತಪ್ಪು ಅಂತ ಹೇಗೆ ಹೇಳ್ತೀರಿ ಅಂಕಲ್?"

ದನಿಯಲ್ಲಿ ಸಿಟ್ಟಿರಲಿಲ್ಲ, ಕಾನೂನು ಓದುವವರ ಕುತೂಹಲವಷ್ಟೇ. ಅವಳು ಉತ್ತರಕ್ಕೆ ಕಾದಳು. ಆಮೇಲೆ, "ಇರ್ಲಿ ಬಿಡಿ, ಅಜ್ಜಿ ಎದ್ಮೇಲೆ ಹೇಳ್ತೀನಿ" ಎಂದಳು. ಏನೆಂದು ಹೇಳುತ್ತಾಳೆ ಎಂದು ತಾರೀಕಪ್ಪ ಕೇಳಬೇಕೆನ್ನುವಷ್ಟರಲ್ಲಿ ಫೋನ್ ಇಟ್ಟಿದ್ದಳು.