ಘನಮೂಲ ನುಂಗಿದ ಒಂದು ಸೆಂಟಿಮೀಟರ್

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವಳು ಅತ್ತಿಗೆಯಾಗಬೇಕಾದದ್ದು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವ ಮೈದುನನೊಬ್ಬನಿಗೇ. ಗಿರಾಕಿ ಎಲ್ಲ ಬದಿಯೂ ಸಮವಾದ ಪೆಟ್ಟಿಗೆಯ ಗಾತ್ರವನ್ನು ಲೀಟರಿನಲ್ಲಿ ಹೇಳಿದರೆ ಘನಮೂಲ ತೆಗೆದು ಬದಿಯ ಅಳತೆ ಕೊಡುವ ಪ್ರೋಗ್ರಾಮನ್ನು ಅವಳೇ ಸಿ ಭಾಷೆಯಲ್ಲಿ ಬರೆದಿದ್ದಳು. ಯಂತ್ರಕ್ಕೆ ಪೂರ್ಣ ಸೆಂಟಿಮೀಟರ್ ಮಾತ್ರ ಗೊತ್ತು. ಆದ್ದರಿಂದ ದಶಾಂಶದ ಬಾಲವನ್ನು ಕತ್ತರಿಸಿ ಎಸೆಯುತ್ತಿದ್ದಳು.

ಆ ಬೆಳಿಗ್ಗೆ ಗಾಜಿನ ಗೋಳ ಮಾಡುವವನು ಅರವತ್ತನಾಲ್ಕು ಲೀಟರಿನ ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಕುಕ್ಕಿದ. ನಲವತ್ತು ಸೆಂಟಿಮೀಟರಿನ ಗೋಳ ಒಳಗಿಳಿಯುತ್ತಿರಲಿಲ್ಲ. "ಸಂಜೆಯೊಳಗೆ ಸರಿಯಾದ್ದು ಕೊಡಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ" ಎಂದು ಹೊರಟುಹೋದ.

ಅರವತ್ತನಾಲ್ಕು ಲೀಟರೆಂದರೆ ಅರವತ್ತನಾಲ್ಕು ಸಾವಿರ ಘನ ಸೆಂಟಿಮೀಟರ್, ಬದಿ ನಲವತ್ತಿರಬೇಕು. ಮೈದುನ ಟೇಪು ಹಿಡಿದ. ಮೂವತ್ತೊಂಬತ್ತು.

"ನಿಮ್ಮ ಪ್ರೋಗ್ರಾಮು ಒಂದು ಸೆಂಟಿಮೀಟರ್ ನುಂಗಿದೆ ಅತ್ತಿಗೆ. ಇವತ್ತು ಸರಿ ಹೋಗ್ಲಿಲ್ವಾ, ನಾಳೆಯಿಂದ ನಾನು, ನನ್ನ ಟೇಪು. ಕಂಪ್ಯೂಟರಿಗೆ ಬಟ್ಟೆ ಹೊದಿಸಿಬಿಡಿ."

"ನಾಲ್ಕು ನಾಲ್ಕಲಿ ಹದಿನಾರು, ಹದಿನಾರು ನಾಲ್ಕಲಿ ಅರವತ್ತನಾಲ್ಕು! ಮಗ್ಗಿ ಕಲಿಯೋ ಮಗು ಹೇಳುತ್ತೆ!" ಎಂದು ಅವಳು ಪರದೆಯ ಮೇಲೆಯೇ ರೇಗಿದಳು.

ಅದರ ಕಾಟ ಹೊಸದೇನಲ್ಲ. ಘನಮೂಲವೆಂದರೆ ಮೂರನೇ ಒಂದರ ಘಾತ. ಮೊದಲ ದಿನ ಅದಕ್ಕಾಗಿ ಒಂದನ್ನು ಮೂರರಿಂದ ಭಾಗಿಸೆಂದರೆ ಪೂರ್ಣಾಂಕದ ಲೆಕ್ಕ ಹಿಡಿದು ಸೊನ್ನೆಯೆಂದಿತ್ತು. ಯಾವ ಸಂಖ್ಯೆಗೂ ಸೊನ್ನೆಯ ಘಾತ ಒಂದು, ಹಾಗಾಗಿ ಎಲ್ಲ ಪೆಟ್ಟಿಗೆಗೂ ಒಂದೇ ಸೆಂಟಿಮೀಟರ್ ಬದಿ. "ಇಲಿಮರಿಗೆ ಮನೆ ಕಟ್ಟೋಣ್ವಾ?" ಎಂದು ಮೈದುನ ಕೇಳಿದ್ದ. ಅವಳು ದಶಾಂಶ ಹಾಕಿ ಬಾಯಿ ಮುಚ್ಚಿಸಿದ್ದಳು.

ಈಗ ಬಾಲ ಕತ್ತರಿಸದೆ ಉತ್ತರವನ್ನು ಪೂರ್ತಿ ಬರೆಸಿದಳು. ಮೂವತ್ತೊಂಬತ್ತು ಬಿಂದು, ಆಮೇಲೆ ಸಾಲು ಸಾಲು ಒಂಬತ್ತುಗಳು. ಕಂಪ್ಯೂಟರಿನೊಳಗಿನ ಮೂರನೇ ಒಂದು ನಿಜವಾದದ್ದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಘಾತ ಲೆಕ್ಕ ಹಾಕುವ ಪವ್ ಅದನ್ನೇ ನಂಬಿ ನಲವತ್ತರ ಹೊಸ್ತಿಲಲ್ಲಿ ನಿಂತುಬಿಟ್ಟಿತ್ತು. ಉಳಿದದ್ದನ್ನು ಕತ್ತರಿಸಿದ್ದು ಅವಳದೇ ಕತ್ತರಿ.

ಘನಮೂಲಕ್ಕೆಂದೇ ಇರುವ ಸಿಬಿಆರ್‌ಟಿ ಅದೇ ಗಣಿತದ ಲೈಬ್ರರಿಯಲ್ಲಿ, ಪವ್‌ನ ಪಕ್ಕದಲ್ಲೇ ಇಷ್ಟು ದಿನ ಕುಳಿತಿತ್ತು. "ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?" ಎಂದು ಗೊಣಗುತ್ತಲೇ ಬದಲಾಯಿಸಿದಳು. ನಲವತ್ತು ಬಂತು. ಆದರೂ ನಂಬಿಕೆ ಹುಟ್ಟಲಿಲ್ಲ. ಬಂದ ಉತ್ತರಕ್ಕೆ ಒಂದು ಸೇರಿಸಿ ಅದರ ಘನ ನೋಡು, ಕೇಳಿದ ಗಾತ್ರವನ್ನು ಮೀರದಿದ್ದರೆ ಅದನ್ನೇ ಹಿಡಿ ಎಂದು ಕಾವಲಿಗೊಂದು ಸಾಲು ಬರೆದಳು.

ಸಂಜೆ ಗೋಳ ಹೊಸ ಪೆಟ್ಟಿಗೆಯೊಳಗೆ ಸದ್ದಿಲ್ಲದೆ ಇಳಿಯಿತು. ಗಿರಾಕಿ ತನಗೆ ಬೇಕಿದ್ದ ಉಳಿದ ಪೆಟ್ಟಿಗೆಗಳಿಗೂ ಹೂಂ ಎಂದ. ಮೈದುನ ಟೇಪನ್ನು ಜೇಬಿಗೆ ಇಳಿಬಿಡುತ್ತಿದ್ದ.

"ಅದನ್ನೆಲ್ಲಿ ಇಡ್ತೀಯಾ? ಕೊಡು ಇಲ್ಲಿ" ಎಂದು ಕಸಿದುಕೊಂಡು, ಅತ್ತಿಗೆ ಪೆಟ್ಟಿಗೆಯ ನಾಲ್ಕು ಬದಿಗಳನ್ನೂ ತಾನೇ ಅಳೆದಳು.