ಕುಲಾವಿಯ ಒಳಮೈ

ಗುಂಡ್ಲುಪೇಟೆಯಲ್ಲಿ ನಮ್ಮ ಎದುರು ಮನೆಯ ಜಗಲಿಯಲ್ಲಿ ಹೆಣ್ಣುಮಕ್ಕಳಿಗೆ ಕಸೂತಿ ಹೇಳಿಕೊಡುತ್ತಿದ್ದ ತಾಯಿಯೊಬ್ಬರಿದ್ದರು. ಹಂಗಳದಿಂದ ಬಸ್ಸಿನಲ್ಲಿ ಬರುವ ಹುಡುಗಿಯರು, ಮೊಬೈಲಿನಲ್ಲಿ ನೋಡಿ ಕಲಿತ ನವಿಲನ್ನು ಸಂಭ್ರಮದಿಂದ ಮುಂದೆ ಹಿಡಿದರೆ, “ತಿರುಗ್ಸಮ್ಮಿ, ಬೆನ್ನು ನೋಡನ” ಎನ್ನುವರು.

ನನ್ನ ಮೊಮ್ಮಗನ ನಾಮಕರಣದ ಬೆಳಿಗ್ಗೆ, ಅವರಲ್ಲಿಗೆ ಹೋಗಿದ್ದ ಸೊಸೆಯನ್ನು ಕರೆತರಲು ನಾನೇ ಹೋದೆ. ಮಗುವಿಗೆಂದು ಅವಳು ಮಲ್ಲಿಗೆಬಳ್ಳಿ ಹಾಕಿದ್ದ ಕುಲಾವಿ ಆ ತಾಯಿಯ ಕೈಯಲ್ಲಿತ್ತು. ಅವರು ಅದನ್ನು ಒಳಮಗ್ಗುಲಿಗೆ ತಿರುವಿ, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಮೆಲ್ಲಗೆ ಸವರಿಕೊಂಡರು.

“ಹೂವಿಗೊಂದು ಗಂಟಾಕಿದ್ದೀಯ ಕಣವ್ವ. ಕೂಸಿನ ನೆತ್ತಿಗೆ ಒತ್ತುತದೆ.”

“ಯಾರ್ಗೂ ಕಾಣಾಕಿಲ್ಲ ಬುಡಿ ಅಮ್ಮ, ಮುಹೂರ್ತ ಬಂದ್ಬುಡ್ತು” ಎಂದ ಸೊಸೆಯ ಕಣ್ಣು ತುಂಬಿತು.

“ಕೂಸ್ಗೆ ಗೊತ್ತಾಯ್ತದೆ. ಮಂಗಳಾರತಿ ಉದ್ದ ಮಾಡಕ್ಕೆ ನಿಮ್ಮಾವ ಅವ್ರೆ, ಕೂತ್ಕೊ.”

ಅವರೇ ಒಂದೊಂದೇ ಗಂಟನ್ನು ಬಿಡಿಸಿ, ನೂಲಿನ ತುದಿಯನ್ನು ಹಿಂದಿನ ಹೊಲಿಗೆಗಳ ಅಡಿಯಲ್ಲಿ ನುಸುಳಿಸಿ ಅಡಗಿಸಿದರು. ಪ್ರತಿ ಹೂವು ಮುಗಿದಾಗಲೂ ಕುಲಾವಿ ರೆಪ್ಪೆಗೆ ಏರುತ್ತಿತ್ತು. ಆಗಷ್ಟೇ ಶಿವಪೂಜೆ ಮುಗಿಸಿ ಬಂದಿದ್ದ ನಾನು ಅವಸರಪಡಿಸಲು ಬಾಯಿ ತೆರೆದವನು ಚಪ್ಪಲಿ ಕಳಚಿ ಜಗಲಿಯಂಚಿನಲ್ಲಿ ಕುಳಿತೆ. ಅಂಥ ತನ್ಮಯತೆ ನನ್ನ ಪೂಜೆಗೆ ಎಂದೂ ದಕ್ಕಿರಲಿಲ್ಲ.

ಮುಹೂರ್ತ ಮೀರುವ ಮುನ್ನ ಕುಲಾವಿ ಮಗುವಿನ ತಲೆಗೇರಿತು. ನೆಂಟರ ಗದ್ದಲದ ನಡುವೆಯೇ ಅದು ನಿದ್ದೆಹೋಯಿತು. ನಾನು ಬಾಗಿ ಕಿವಿಯಲ್ಲಿ ಮೂರು ಬಾರಿ ಹೆಸರು ಹೇಳಿದೆ. ಹಾಯಾಗಿ ಮಲಗಿದ್ದ ಕೂಸು ಕಣ್ಣು ತೆರೆಯಲೇ ಇಲ್ಲ.