ನೆವೆನಾಳ ಬನಿತ್ಸಾ ತಟ್ಟೆ

ಸಾಕ್ಷ್ಯಚಿತ್ರ ಮಾಡುವ ನೆವೆನಾ ಕೈಯಲ್ಲಿ ತಟ್ಟೆ ಹಿಡಿದು ಬೀದಿಗಿಳಿದಳೆಂದರೆ ಬಾಲ್ಕನ್ ತಪ್ಪಲಿನ ಆ ಊರಿನವರು ಇವತ್ತು ಯಾರ ಬಾಗಿಲಿಗೋ ಎಂದು ಕಿಟಕಿಯಿಂದ ಇಣುಕುತ್ತಿದ್ದರು. ನಲವತ್ತು ವರ್ಷದಿಂದ ಊರವರ ಮಾತುಕತೆಯನ್ನೇ ಚಿತ್ರ ತೆಗೆದು, ತಾನೇ ಕೂತು ಕತ್ತರಿಸಿ ಜೋಡಿಸುವ ಅವಳದೊಂದು ನೇಮವಿತ್ತು: ಚಿತ್ರದಿಂದ ಯಾರನ್ನು ಕತ್ತರಿಸಿದಳೋ ಅವರ ಮನೆಗೆ ಬನಿತ್ಸಾ ಎಂಬ ಚೀಸ್ ತುಂಬಿದ ಪದರ ರೊಟ್ಟಿಯನ್ನು ಬಿಸಿಬಿಸಿಯಾಗಿ ಒಯ್ದು, ಮುಖ ನೋಡಿಯೇ ಹೇಳಿಬರಬೇಕು. ಪಾದ್ರಿಗಳ ಮನೆಗೆ ಆ ತಟ್ಟೆ ಮೂರು ಸಲ ಹೋಗಿತ್ತು. "ಚೀಸ್ ಜಾಸ್ತಿ ಇದ್ರೆ ಕತ್ತರೀನೂ ಜಾಸ್ತಿ ಆಡಿದೆ ಅಂತ ತಿಳ್ಕೊಳ್ಳಿ," ಎಂದು ಕ್ಷೌರಿಕ ಪೆಂಚೊ ನಗುತ್ತಿದ್ದ. ಅದೇ ಮುಖಗಳನ್ನು ಪರದೆಯ ಮೇಲೆ ದಿನಕ್ಕೆ ನೂರು ಸಲ ಹಿಂದೆ ಮುಂದೆ ಓಡಿಸಿ ನೋಡಿದವಳು ಅವಳು. ದಾರಿಯಲ್ಲಿ ಸಿಕ್ಕವರಿಗೂ, "ನೀವು ಉಸಿರೆಳ್ಕೊಂಡ್ರೆ ಸುಳ್ಳು ಬರುತ್ತೆ ಅಂತ ನಂಗೊತ್ತು," ಎನ್ನುವಳು. ಒಂದು ಬೆಳಿಗ್ಗೆ ಆ ತಟ್ಟೆ ಸ್ಟಾನಜ್ಜಿಯ ಬಾಗಿಲಿಗೆ ಬಂತು. ಅಜ್ಜಿಯ ಗಂಡ ಕೋಲ್ಯೊ ತೀರಿಕೊಂಡು ತಿಂಗಳಾಗಿತ್ತು; ಅವನ ದನಿ ಉಳಿದಿದ್ದು ನೆವೆನಾಳ ಹೊಸ ಚಿತ್ರದಲ್ಲಿ ಮಾತ್ರ. "ಅವರನ್ನೂ ಕತ್ತರಿಸಿಬಿಟ್ಯೇನೇ, ಪಾಪಿ?" ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಇಲ್ಲಜ್ಜಿ, ಅಜ್ಜ ಕೆಮ್ಮಿನ ಸಮೇತ ಪೂರ್ತಿ ಇದಾರೆ. ನಾನು ಕತ್ತರಿಸಿದ್ದು ನನ್ನ ದನೀನ. ಅಜ್ಜ ಮಾತಾಡ್ತಿದ್ದಾಗ 'ಬೇಗ ಹೇಳಿ ಮುಗಿಸಜ್ಜ' ಅಂದಿದ್ದೆ; ಅದನ್ನ ನಿಮ್ಮ ಮುಖ ನೋಡಿ ಹೇಳ್ಬೇಕಿತ್ತು." ಅಜ್ಜಿ ತಟ್ಟೆ ಇಸಿದುಕೊಂಡಳು. ದೊಡ್ಡದೊಂದು ತುಂಡು ಮುರಿದು ನೆವೆನಾಳ ಕೈಗೇ ಇಟ್ಟು, "ಕತ್ತರಿಸಿದವರಿಗಲ್ಲ, ಕತ್ತರಿಸಿಕೊಂಡವರಿಗೆ ತಾನೆ ಇದು? ಈ ಸಲ ಅದು ನೀನೇ. ಕೂತ್ಕೊ, ನಿಧಾನವಾಗಿ ತಿನ್ನು," ಎಂದಳು.